ಮೂರನೇ ದಿನದ ನೆಗೆಟಿವ್ ರಿಪೋರ್ಟ್ ನಂಬಿ ಕೂರಬೇಡಿ

ಕಾರ್ಕಳದ ಗದ್ದೆಯಲ್ಲಿ ನಾಟಿ ಮಾಡಿದ ತಂದೆಯವರಿಗೆ ಜ್ವರ, ಜ್ವರದ ಮೂರನೇ ದಿನ ಮಾಡಿಸಿದ ಐಜಿಎಂ ರಕ್ತಪರೀಕ್ಷೆ ನೆಗೆಟಿವ್, ಹಾಗಾದರೆ ಇಲಿಜ್ವರ (ಇಲಿಮೂತ್ರ ಬೆರೆತ ನೀರಿನಿಂದ ಬರುವ ಲೆಪ್ಟೊಸ್ಪೈರೋಸಿಸ್) ಅಲ್ಲವಾ ಅಂತ ಕೇಳಿದ್ದೀರಿ. ಹಾಗೆ ಹೇಳಲಾಗುವುದಿಲ್ಲ ಸರ್. ಆ ಪರೀಕ್ಷೆ ಹುಡುಕುವುದು ರೋಗಾಣುವನ್ನಲ್ಲ, ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನು. ಅದು ಸಿಗುವಷ್ಟು ಏರಲು ಸಾಮಾನ್ಯವಾಗಿ 5ರಿಂದ 7 ದಿನ ಬೇಕು. ಮೊದಲ ವಾರ ಬ್ಯಾಕ್ಟೀರಿಯಾ ರಕ್ತದಲ್ಲೇ ಇರುತ್ತದೆ, ಆಗ ರೋಗಾಣುವನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಹೆಚ್ಚು ಉಪಯುಕ್ತ. ಐಜಿಎಂ ಒಂದು ವಾರ ಕಳೆದು ಮತ್ತೆ ಮಾಡಿಸಿ.

ಆದರೆ ರಿಪೋರ್ಟಿಗಾಗಿ ಚಿಕಿತ್ಸೆ ಕಾಯಬಾರದು. ಗದ್ದೆ ಕೆಲಸದ ವಿಷಯ ವೈದ್ಯರಿಗೆ ಮೊದಲೇ ಹೇಳಿ. ಅನುಮಾನವಿದ್ದರೆ ವೈದ್ಯರು ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ 100 ಮಿ.ಗ್ರಾಂ ದಿನಕ್ಕೆರಡು ಬಾರಿ, 7 ದಿನ ಕೊಡುವುದು ವಾಡಿಕೆ. ಮೈಕೈ ನೋವಿಗೆ ಡೈಕ್ಲೋಫೆನಾಕ್ ಮಾತ್ರ ದಯವಿಟ್ಟು ಬೇಡ, ಕಿಡ್ನಿಗೆ ಪೆಟ್ಟು. ಕೀವಿಲ್ಲದೆ ಕೆಂಪಾದ ಕಣ್ಣು, ಮೀನಖಂಡದ ನೋವು ಇಲಿಜ್ವರದ ಲಕ್ಷಣ, ಗಮನಿಸಿ. ಮೂತ್ರ ಕಡಿಮೆಯಾದರೆ, ಕಣ್ಣು ಹಳದಿಯಾದರೆ, ಉಸಿರು ಕಟ್ಟಿದರೆ ರಾತ್ರಿಯಾದರೂ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ.