ಪಾಡ್ ಥಾಯ್ ಮುದ್ದೆಯಾಗುವುದೇಕೆ?

ಪ್ರಶ್ನೆ: ಮನೆಯಲ್ಲಿ ಪಾಡ್ ಥಾಯ್ (ಥಾಯ್ಲೆಂಡಿನ ಹುರಿದ ನೂಡಲ್ಸ್ ತಿನಿಸು) ಮಾಡಿದಾಗಲೆಲ್ಲ ಅಕ್ಕಿ ನೂಡಲ್ಸ್ ಅಂಟಿಕೊಂಡು ಮುದ್ದೆಯಾಗುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ನೂಡಲ್ಸನ್ನು ಕುದಿಸಿದಿರಿ ತಾನೇ? ನಾನೂ ಹಾಗೆ ಮಾಡಿ ಒಂದು ಬಾಣಲೆ ತುಂಬ ಗೋಂದು ತಯಾರಿಸಿದ್ದೇನೆ. ತಣ್ಣೀರಿನಲ್ಲಿ ಅರ್ಧ ಗಂಟೆಗಿಂತ ತುಸು ಹೆಚ್ಚು ನೆನೆಸಿದರೆ ಸಾಕು. ಬೆರಳಿಗೆ ಸುತ್ತಿದರೆ ಮುರಿಯದೆ ಬಾಗಬೇಕು, ಕಚ್ಚಿದರೆ ನಡುವೆ ಗಟ್ಟಿ ಸಿಗಬೇಕು. ಮಿಕ್ಕಿದ್ದು ಬಾಣಲೆಯಲ್ಲಿ, ಹುಣಸೆರಸ, ತಾಳೆಬೆಲ್ಲ, ಮೀನಿನ ಸಾಸ್ ಸೇರಿಸಿ ಕಾಯಿಸಿದ ರಸವನ್ನು ಹೀರುತ್ತಾ ಬೇಯಲಿ. ಒಣಗಿತೆನಿಸಿದರೆ ನೀರು ಚಿಮುಕಿಸಿ. ಉರಿ ಜೋರಾಗಿರಲಿ, ಒಮ್ಮೆಗೆ ಇಬ್ಬರಿಗಾಗುವಷ್ಟೇ ಹಾಕಿ. ನೂಡಲ್ಸನ್ನು ಬದಿಗೆ ಸರಿಸಿ ಮೊಟ್ಟೆ ಒಡೆಯಿರಿ. ಹೆಸರುಕಾಳಿನ ಉದ್ದ ಮೊಳಕೆ, ಹುರಿದ ಕಡಲೆಕಾಯಿ ಬೀಜದ ತರಿ ಕೊನೆಗೆ. ಹುಣಸೆಯ ಬದಲು ಟೊಮೆಟೊ ಕೆಚಪ್ ಸುರಿಯುವವರೊಡನೆ ನನಗೆ ಮಾತಿಲ್ಲ.