ಓದುಗರ ಪ್ರಶ್ನೆ: ಕಾಫಿ ಬೆಲೆ ಏರಿತು, ನಮ್ಮ ಮನೆಯ ಲೆಕ್ಕ ಏಕೆ ಏರಲಿಲ್ಲ?

ಪ್ರಶ್ನೆ: ನಮ್ಮದು ಮೂರು ಎಕರೆ ರೊಬಸ್ಟಾ ತೋಟ. ಕಾಫಿ ಉದ್ಯಮ ಬೆಳೆದರೆ ಇಡೀ ಜಿಲ್ಲೆ ಉದ್ಧಾರವಾಗುತ್ತದೆ ಎಂದು ಸಭೆಗಳಲ್ಲಿ ಹೇಳುತ್ತಾರೆ. ಬೆಲೆ ಏರಿದ ವರ್ಷವೂ ಕೈಯಲ್ಲಿ ಏನೂ ಉಳಿಯುವುದಿಲ್ಲ, ಏಕೆ?
– ಸಣ್ಣ ಬೆಳೆಗಾರ, ಮೂಡಿಗೆರೆ ತಾಲ್ಲೂಕು

ಉತ್ತರ: ಸಭೆಯಲ್ಲಿ ಹೇಳುವುದು ಸುಳ್ಳಲ್ಲ, ಅರ್ಧ ಹೇಳಿ ಊಟಕ್ಕೆ ಏಳುತ್ತಾರೆ. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಕರ್ನಾಟಕದ್ದು. ಹಿಡುವಳಿಗಳನ್ನು ಎಣಿಸಿದರೆ ಬಹುಪಾಲು 10 ಹೆಕ್ಟೇರಿಗಿಂತ ಚಿಕ್ಕವು. ಉದ್ಯಮ ನಿಂತಿರುವುದೇ ನಿಮ್ಮಂಥವರ ಮೇಲೆ.

ಆದರೆ ಕಾಫಿಯನ್ನು ಯಾವಾಗ, ಯಾವ ರೂಪದಲ್ಲಿ ಮಾರುತ್ತೀರಿ ಎಂಬುದನ್ನು ನೀವು ಬರೆದಿಲ್ಲ. ಗಿಡದಲ್ಲಿ ಹಣ್ಣಿರುವಾಗಲೇ ಬೆಲೆ ಗೊತ್ತುಮಾಡಿ ಮುಂಗಡ ಪಡೆದಿದ್ದರೆ, ಆಮೇಲೆ ಬೆಲೆ ಏರಿದ್ದು ನಿಮಗಲ್ಲ, ಮುಂಗಡ ಕೊಟ್ಟವರಿಗೆ. 1990ರ ದಶಕದವರೆಗೆ ಬೆಳೆಯನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರ ಕಾಫಿ ಸೇರಿಸಿ ಮಂಡಳಿಯೇ ಮಾರುವ ವ್ಯವಸ್ಥೆಗೆ, ಒಪ್ಪಿಸಬೇಕಿತ್ತು, ಹಣ ಕಂತುಗಳಲ್ಲಿ ಬರುತ್ತಿತ್ತು. ಆ ಕಂತಿನ ದಾರಿ ಕಾದು ಸುಸ್ತಾದವರು ಮುಕ್ತ ಮಾರಾಟವನ್ನು ಹಬ್ಬದಂತೆ ಸ್ವಾಗತಿಸಿದರು. ಆದರೆ ಮುಕ್ತ ಮಾರುಕಟ್ಟೆಯ ಲಾಭ ಕಾಯಲು ತಾಕತ್ತಿರುವವರಿಗೆ.

ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ತೂಕದ ಮುಂದೆ ಕೂತು ನನ್ನ ಅರ್ಧ ಆಯುಸ್ಸು ಕಳೆದಿದೆ, ಹಾಗಾಗಿ ಔಟ್‌ಟರ್ನ್ ಬಗ್ಗೆ ಹೇಳದೆ ಬಿಡಲಾರೆ. ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣೇ ಚೆರಿ; 50 ಕೆಜಿ ಚೆರಿ ಮೂಟೆಯ ಸಿಪ್ಪೆ ತೆಗೆದಾಗ ಉಳಿಯುವ ಬೀಜದ ತೂಕವೇ ಔಟ್‌ಟರ್ನ್. ಒಂದು ಮೂಟೆಗೆ 28 ಕೆಜಿ ಬಂದರೆ ಇನ್ನೊಂದಕ್ಕೆ 25. ಬೆಲೆ ನಿಲ್ಲುವುದು ಈ ಮೂರು ಕೆಜಿಯ ಮೇಲೆ. ಕಾಯಿ ಹಣ್ಣು ಒಟ್ಟಿಗೆ ಕೊಯ್ದು, ಮಣ್ಣಿನ ಕಣದಲ್ಲಿ ದಪ್ಪವಾಗಿ ಹರಡಿ, ಮೋಡ ಕಂಡೊಡನೆ ಗುಡ್ಡೆ ಹಾಕಿದರೆ ಬೀಜವೂ ಕೆಡುತ್ತದೆ, ತೂಕವೂ ಇಳಿಯುತ್ತದೆ. ಚೆನ್ನಾಗಿ ಒಣಗಿದ ಚೆರಿಯನ್ನು ಮುಷ್ಟಿಯಲ್ಲಿ ಹಿಡಿದು ಕಿವಿಯ ಬಳಿ ಅಲುಗಾಡಿಸಿ: ಗಲಗಲ ಎನ್ನಬೇಕು. ರೊಬಸ್ಟಾ ಚೆರಿಯ ತೇವ ಶೇ 11ಕ್ಕೆ ಇಳಿದಿರಬೇಕು. ಮಾರುವ ಮೊದಲು ಒಂದು ಕೆಜಿ ಚೆರಿಯನ್ನು ಸಿಪ್ಪೆ ತೆಗೆಸಿ ನೀವೇ ತೂಗಿ ನೋಡಿ. ಔಟ್‌ಟರ್ನ್ ತಿಳಿಯದೆ ವ್ಯಾಪಾರಿಯೆದುರು ಹೋಗಬೇಡಿ.

ಸಿಮೆಂಟ್ ಕಣ, ತೇವ ಅಳೆಯುವ ಯಂತ್ರ, ಗೋದಾಮು ಇವೆಲ್ಲ ಮೂರು ಎಕರೆಯವರಿಗೆ ಒಬ್ಬೊಬ್ಬರಾಗಿ ಎಟುಕುವುದಿಲ್ಲ. ಊರಿನ ಹತ್ತಾರು ಮಂದಿ ಸೇರಿ ರೈತ ಉತ್ಪಾದಕರ ಸಂಸ್ಥೆ ಕಟ್ಟಿದರೆ ಎಟುಕುತ್ತದೆ. ಸರ್ಕಾರದ ನೆರವು ಹೊಸ ಕಾಫಿ ಉತ್ಸವಕ್ಕಿಂತ ಇಂಥ ಕಣಕ್ಕೆ ಮೊದಲು ಬರಲಿ.

ಕೊನೆಗೆ, ನೀವು ಕೇಳದ ಒಂದು ಮಾತು. ನಿಮ್ಮ ತೋಟದಲ್ಲಿ ಕೊಯ್ಲು ಮಾಡುವವರಿಗೆ ಕೆಜಿ ಲೆಕ್ಕದಲ್ಲಿ ಕೂಲಿ ಕೊಡುತ್ತಿದ್ದರೆ, ಅವರು ಕಾಯಿ ಹಣ್ಣು ಬೇರೆ ಮಾಡುವ ಗೋಜಿಗೆ ಹೋಗುವುದಿಲ್ಲ. ಹಣ್ಣನ್ನೇ ಆರಿಸಿ ಕೊಯ್ದವರಿಗೆ ಕೆಜಿಗೆ ಒಂದಿಷ್ಟು ಹೆಚ್ಚು ಕೊಟ್ಟು ನೋಡಿ. ಆ ದುಡ್ಡು ಔಟ್‌ಟರ್ನ್‌ನಲ್ಲಿ ವಾಪಸಾಗುತ್ತದೆ.