ಗುಲಾಬಿ ಇದೆ, ಘಮ ಎಲ್ಲಿ?

ಹೋದ ತಿಂಗಳು ಈ ಅಂಕಣದಲ್ಲಿ ಪೊದೆ ಗುಲಾಬಿಯ ಬಗ್ಗೆ ಎರಡೇ ಸಾಲು ಬರೆದಿದ್ದೆ. ಅಷ್ಟಕ್ಕೇ ಪತ್ರಗಳ ಕಂತೆ ಬಂದಿದೆ. ಪೊದೆ ಗುಲಾಬಿ ಎಂದರೆ ಉದ್ದ ಕಡ್ಡಿಯ ತುದಿಗೆ ಒಂದೇ ಹೂವು ನಿಲ್ಲಿಸುವ ಗಿಡವಲ್ಲ. ಬುಡದಿಂದಲೇ ಹತ್ತಾರು ರೆಂಬೆ ಒಡೆದು, ನಾಲ್ಕೈದು ಅಡಿ ಎತ್ತರ, ಹೆಚ್ಚುಕಮ್ಮಿ ಅಷ್ಟೇ ಅಗಲ ಹರಡಿ, ಗೊಂಚಲು ಗೊಂಚಲಾಗಿ ಹೂ ಬಿಡುವ ಗಿಡ. ಇನ್ನು ನಿಮ್ಮ ಪ್ರಶ್ನೆಗಳು.

ಪ್ರಶ್ನೆ: ಮೇಡಂ, ನನ್ನ ಗಿಡದಲ್ಲಿ ಅಂಗೈ ಅಗಲದ ಹೂವು ಬರುತ್ತದೆ. ಮೂಗಿಗೆ ಹಿಡಿದರೆ ಏನೂ ಇಲ್ಲ! ಯಾವ ಗೊಬ್ಬರ ಹಾಕಿದರೆ ಪರಿಮಳ ಬರುತ್ತದೆ?

ಉತ್ತರ: ಯಾವ ಗೊಬ್ಬರ ಹಾಕಿದರೂ ಬರುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ತಪ್ಪು ನಿಮ್ಮದಲ್ಲ, ತಳಿಯದು. ಕಡ್ಡಿ ಉದ್ದ ಇರಬೇಕು, ಹೂದಾನಿಯಲ್ಲಿ ವಾರವಿಡೀ ನಿಲ್ಲಬೇಕು, ಪೆಟ್ಟಿಗೆಯಲ್ಲಿ ದೂರದೂರಿಗೆ ಹೋದರೂ ನಲುಗಬಾರದು ಎಂದು ಆರಿಸಿ ಆರಿಸಿ ಬೆಳೆಸಿದ ತಳಿಗಳಲ್ಲಿ ಘಮದ ಕಡೆ ಯಾರೂ ಗಮನ ಕೊಡಲಿಲ್ಲ. 2015ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಪರಿಮಳವಿರುವ ಪಾಪಾ ಮೇಯಾಂ ಎಂಬ ತಳಿಯನ್ನೂ ಪರಿಮಳ ತೀರಾ ಕಡಿಮೆಯಿರುವ ರೂಜ್ ಮೇಯಾಂ ಎಂಬುದನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರು. ಮೊದಲನೆಯದರ ಪಕಳೆಗಳಲ್ಲಿ ಚುರುಕಾಗಿದ್ದ ಒಂದು ಜೀನ್ ಎರಡನೆಯದರಲ್ಲಿ ಹೆಚ್ಚುಕಡಿಮೆ ಸುಮ್ಮನಿತ್ತು. ಅದನ್ನು ಗೊಬ್ಬರ ಹಾಕಿ ಎಬ್ಬಿಸಲು ಆಗುವುದಿಲ್ಲ ಅಲ್ವಾ?

ಘಮವೇ ಬೇಕೆಂದರೆ ಡಮಾಸ್ಕ್, ಅಂದರೆ ಪನ್ನೀರು ಗುಲಾಬಿ, ಹುಡುಕಿ. ಇಲ್ಲವೇ ಬೂರ್ಬಾನ್ ಗುಂಪಿನವು. ಇವುಗಳ ಮೂಲ ಹಿಂದೂ ಮಹಾಸಾಗರದ ಬೂರ್ಬಾನ್ ದ್ವೀಪ, ಈಗಿನ ಹೆಸರು ರಿಯೂನಿಯನ್. ಅಲ್ಲಿ ಬೇಲಿಯಲ್ಲಿ ಚೀನಾ ಗುಲಾಬಿಯೂ ಡಮಾಸ್ಕೂ ಒಟ್ಟಿಗೆ ಬೆಳೆಯುತ್ತಿದ್ದವು, ತಾವಾಗಿಯೇ ಬೆರೆತು ಹೊಸ ಗಿಡ ಹುಟ್ಟಿತು. ಒಂದರಿಂದ ಮತ್ತೆ ಮತ್ತೆ ಹೂ ಬಿಡುವ ಗುಣ, ಇನ್ನೊಂದರಿಂದ ಘಮ. ಹೊಸ ಗುಲಾಬಿ ತಳಿಗಳನ್ನು ಬೆಳೆಸುತ್ತಿದ್ದ ಇಂಗ್ಲೆಂಡಿನ ಡೇವಿಡ್ ಆಸ್ಟಿನ್ ಆಮೇಲೆ ಬೇಕೆಂದೇ ಮಾಡಿದ್ದು ಹೆಚ್ಚುಕಮ್ಮಿ ಇದೇ ಕೆಲಸ: ಹಳೇ ಗುಲಾಬಿಗಳ ತುಂಬು ಪಕಳೆ ಮತ್ತು ಪರಿಮಳವನ್ನು ಹೊಸ ಗುಲಾಬಿಗಳ ಬಣ್ಣದ ಜೊತೆ ಕೂಡಿಸುವುದು. 1961ರ ಅವರ ಕಾನ್‌ಸ್ಟನ್ಸ್ ಸ್ಪ್ರೈ ಎಂಬ ತಳಿ ವರ್ಷಕ್ಕೆ ಒಂದೇ ಸಲ ಹೂ ಬಿಡುತ್ತಿತ್ತು. 1983ರ ಹಳದಿ ಗ್ರಹಾಂ ಥಾಮಸ್ ಹೊತ್ತಿಗೆ ಆ ಕೊರತೆಯೂ ನೀಗಿತ್ತು.

ಇನ್ನೊಂದು ಮಾತು. ನೀವು ಹೂವನ್ನು ಯಾವ ಹೊತ್ತಿನಲ್ಲಿ ಮೂಸಿ ನೋಡಿದಿರಿ? ಮಧ್ಯಾಹ್ನ ಎರಡು ಗಂಟೆಗೆ ಪೂರ್ತಿ ಅರಳಿದ ಹೂವನ್ನು ಮೂಸಿ "ಇಲ್ಲ" ಎಂದರೆ ನಾನು ಒಪ್ಪುವುದಿಲ್ಲ. ಪರಿಮಳದ ಎಣ್ಣೆ ಬೇಗ ಆವಿಯಾಗುವಂಥದ್ದು, ಬಿಸಿಲು ಗಾಳಿಗೆ ಹಾರಿಹೋಗುತ್ತದೆ. ಅತ್ತರಿಗೆ ಹೂ ಬಿಡಿಸುವವರು ನಸುಕಿನಲ್ಲೇ ಶುರು ಮಾಡಿ ಬಿಸಿಲು ಏರುವ ಮೊದಲೇ ಮುಗಿಸುವುದು ಇದಕ್ಕೇ. ಒಂದು ಕಿಲೋ ಎಣ್ಣೆಗೆ ಮೂರು ಸಾವಿರ ಕಿಲೋಗಿಂತ ಜಾಸ್ತಿ ಹೂವು ಬೇಕು, ಹಾಗಾಗಿ ಅವರಿಗೆ ಒಂದೊಂದು ಗಂಟೆಯೂ ಲೆಕ್ಕವೇ. ನಾಳೆ ಬೆಳಿಗ್ಗೆ ಅರ್ಧ ಅರಳಿದ ಹೂವೊಂದನ್ನು ಮೂಸಿ ನೋಡಿ. ಆಗಲೂ ಏನೂ ಇಲ್ಲದಿದ್ದರೆ ಬಣ್ಣ ನೋಡಿ ಖುಷಿಪಡಿ, ಘಮಕ್ಕೆ ಬೇರೆ ಗಿಡ ತನ್ನಿ.

ಪ್ರಶ್ನೆ: ಮೂರು ವರ್ಷದಿಂದ ಗಿಡ ಸೊಂಪಾಗಿದೆ. ಪ್ರತಿ ವರ್ಷ ಚಳಿಗಾಲದಲ್ಲಿ ತಪ್ಪದೇ ಮೊಣಕಾಲೆತ್ತರಕ್ಕೆ ಸವರುತ್ತೇನೆ. ಒಂದು ಮೊಗ್ಗೂ ಇಲ್ಲ. ಏನು ಮಾಡಲಿ?

ಉತ್ತರ: ಕತ್ತರಿಯನ್ನು ಬಚ್ಚಿಡಿ. ನಗಬೇಡಿ, ನಿಜಕ್ಕೂ ಹೇಳುತ್ತಿದ್ದೇನೆ. ನಿಮ್ಮದು ವರ್ಷಕ್ಕೊಮ್ಮೆ ಹೂ ಬಿಡುವ ಹಳೇ ತಳಿ ಆಗಿರಬಹುದು. ಇವು ಹೋದ ವರ್ಷ ಬೆಳೆದ ರೆಂಬೆಯ ಮೇಲೆ ಈ ವರ್ಷ ಹೂ ಬಿಡುತ್ತವೆ. ನೀವು ಚಳಿಗಾಲದಲ್ಲಿ ಕಡಿದು ಬಿಸಾಡುತ್ತಿರುವುದು ಮುಂದಿನ ಹೂವನ್ನೇ.

ನನಗೆ ಇದು ಹೇಗೆ ಗೊತ್ತು ಎಂದರೆ, ನಾನೂ ಎರಡು ವರ್ಷ ಇದನ್ನೇ ಮಾಡಿದ್ದೆ. ಯಾವುದೋ ಪುಸ್ತಕದಲ್ಲಿ "ಗುಲಾಬಿಯನ್ನು ಧೈರ್ಯವಾಗಿ ಸವರಿ" ಎಂದು ಓದಿ, ಧೈರ್ಯ ಸ್ವಲ್ಪ ಜಾಸ್ತಿಯೇ ಆಗಿತ್ತು. ಮೂರನೇ ವರ್ಷ ಕೈನೋವಿನಿಂದ ಕತ್ತರಿ ಹಿಡಿಯಲು ಆಗಲಿಲ್ಲ. ಸುಮ್ನೆ ಬಿಟ್ಟೆ. ಆ ವರ್ಷ ಗಿಡ ಬಾಗಿ ನೆಲ ಮುಟ್ಟುವಷ್ಟು ಹೂ ಬಿಟ್ಟಿತು! ಇಂಥ ಗಿಡಗಳನ್ನು ಹೂವು ಮುಗಿದ ಮೇಲೆ ಸವರಬೇಕು. ಒಣಗಿದ್ದು, ಒಂದಕ್ಕೊಂದು ಉಜ್ಜುವುದು, ತೀರಾ ಹಳೆಯ ಒಂದೆರಡು ರೆಂಬೆ, ಅಷ್ಟೇ ಸಾಕು. ಮತ್ತೆ ಮತ್ತೆ ಹೂ ಬಿಡುವ ಪೊದೆ ಗುಲಾಬಿಯನ್ನು ಮಾತ್ರ ಚಳಿಗಾಲದ ಕೊನೆಯಲ್ಲಿ ಸವರಬಹುದು. ಅದೂ ಎತ್ತರದ ಮೂರನೇ ಒಂದು ಭಾಗ ತೆಗೆದರೆ ಧಾರಾಳವಾಯಿತು.

ಬುಡವನ್ನೂ ಒಮ್ಮೆ ನೋಡಿ. ಕಸಿ ಗಿಡವಾದರೆ ಕಸಿ ಕಟ್ಟಿದ ಗಂಟಿನ ಕೆಳಗಿಂದ ಕಾಡು ಚಿಗುರು ಎದ್ದು, ಮೇಲಿನ ಒಳ್ಳೆ ಗಿಡವನ್ನೇ ನುಂಗಿರಬಹುದು. ಒಂದು ತೊಟ್ಟಿನಲ್ಲಿ ಏಳೆಲೆ ಇದ್ದರೆ ಕಾಡು, ಐದೆಲೆ ಇದ್ದರೆ ಒಳ್ಳೆಯದು ಎಂಬ ಲೆಕ್ಕವನ್ನು ನಂಬಬೇಡಿ, ಎಷ್ಟೋ ಒಳ್ಳೆ ಪೊದೆ ಗುಲಾಬಿಗಳಿಗೂ ಏಳೆಲೆ ಇರುತ್ತದೆ. ಮಣ್ಣು ಸರಿಸಿ, ಚಿಗುರು ಎಲ್ಲಿಂದ ಹೊರಟಿದೆ ಎಂದು ಕಣ್ಣಾರೆ ನೋಡಿ. ಗಂಟಿನ ಕೆಳಗಿಂದ ಬಂದಿದ್ದರೆ ಕತ್ತರಿಸಬೇಡಿ. ಗಟ್ಟಿಯಾಗಿ ಹಿಡಿದು ಕೆಳಕ್ಕೆ ಎಳೆದು ಬುಡಸಮೇತ ಕೀಳಿ. ಕತ್ತರಿಸಿದರೆ ಒಂದಿದ್ದದ್ದು ನಾಲ್ಕಾಗುತ್ತದೆ.

ಪ್ರಶ್ನೆ: ರೆಂಬೆಗಳು ಆರೇಳು ಅಡಿ ನೆಟ್ಟಗೆ ಬೆಳೆಯುತ್ತವೆ, ತುದಿಯಲ್ಲಿ ಮಾತ್ರ ಎರಡು ಹೂವು. ಏಣಿ ಹಾಕಿ ಮೂಸಬೇಕಾ?

ಉತ್ತರ: ಏಣಿ ಬೇಡ, ಹಗ್ಗ ತನ್ನಿ. ರೆಂಬೆ ನೆಟ್ಟಗಿರುವವರೆಗೆ ತುದಿಯ ಮೊಗ್ಗು ಕೆಳಗಿನ ಗೆಣ್ಣುಗಳನ್ನು ತಲೆ ಎತ್ತಲು ಬಿಡುವುದಿಲ್ಲ. ರೆಂಬೆಯನ್ನು ಅಡ್ಡಕ್ಕೆ ಬಗ್ಗಿಸಿದರೆ ಆ ದರ್ಬಾರು ಮುಗಿಯಿತು. ನೀರು ಹಾಕಿದ ಮರುದಿನ, ರೆಂಬೆ ಇನ್ನೂ ಹಸಿರಾಗಿ ಬಾಗುವಂತಿರುವಾಗ, ಒಂದು ಕೈಯಿಂದ ಬುಡದ ಹತ್ತಿರ ಹಿಡಿದು ಇನ್ನೊಂದು ಕೈಯಿಂದ ನಿಧಾನಕ್ಕೆ ಬಿಲ್ಲಿನ ಹಾಗೆ ಬಗ್ಗಿಸಿ, ನೆಲದಲ್ಲಿ ಗೂಟ ಹೊಡೆದು ತುದಿಯನ್ನು ಮೆತ್ತನೆ ದಾರದಲ್ಲಿ ಕಟ್ಟಿ. ಚಟ್ ಎಂದು ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಿ, ಉಳಿದದ್ದು ಮುಂದಿನ ವಾರ. ಕೆಲವು ದಿನಗಳಲ್ಲಿ ಪ್ರತಿ ಗೆಣ್ಣಿನಲ್ಲೂ ಕೆಂಪು ಚುಕ್ಕಿ ಊದಿಕೊಳ್ಳುವುದನ್ನು ನೋಡುತ್ತೀರಿ. ಅಷ್ಟೂ ಚಿಗುರಾಗುತ್ತವೆ, ಹೆಚ್ಚಿನವು ಹೂ ಕೊಡುತ್ತವೆ, ಅದೂ ಸೊಂಟದೆತ್ತರದಲ್ಲಿ. ಬೂರ್ಬಾನ್ ಗಿಡಗಳಿಗೆ ಇದಕ್ಕಿಂತ ಒಳ್ಳೆ ಉಪಾಯ ನನಗೆ ಸಿಕ್ಕಿಲ್ಲ.

ಪ್ರಶ್ನೆ: ಎಲೆ ಮೇಲೆ ಕಪ್ಪು ಚುಕ್ಕೆ ಬಂದು, ಹಳದಿಯಾಗಿ ಉದುರುತ್ತಿವೆ. ದಿನಾ ಸಂಜೆ ಪೈಪ್ ಹಿಡಿದು ಇಡೀ ಗಿಡ ತೊಳೆಯುತ್ತೇನೆ. ಆದರೂ ಹೀಗೆ.

ಉತ್ತರ: ಆದರೂ ಅಲ್ಲ, ಅದರಿಂದಲೇ! ಕಪ್ಪು ಚುಕ್ಕೆ ಒಂದು ಶಿಲೀಂಧ್ರ. ಎಲೆ ಸುಮಾರು ಏಳು ಗಂಟೆ ಒದ್ದೆಯಾಗಿದ್ದರೆ ಅದಕ್ಕೆ ಬೇರೂರಲು ಸಾಕು. ಸಂಜೆ ನೆನೆಸಿದ ಎಲೆ ಬೆಳಗಿನವರೆಗೆ ಒದ್ದೆ. ಇನ್ನು ಮೇಲೆ ಬೆಳಿಗ್ಗೆ, ಬುಡಕ್ಕೆ ಮಾತ್ರ, ವಾರಕ್ಕೆರಡು ಸಲ ಚೆನ್ನಾಗಿ ಇಳಿಯುವಂತೆ ನೀರು ಕೊಡಿ. ಬಿದ್ದ ಎಲೆಗಳನ್ನು ಆರಿಸಿ ಹೊರಗೆ ಹಾಕಿ, ಗೊಬ್ಬರದ ಗುಂಡಿಗೆ ಬೇಡ. ಒಣ ಎಲೆಯದೋ ಹುಲ್ಲಿನದೋ ಎರಡು ಮೂರು ಇಂಚು ಹೊದಿಕೆ ಹಾಕಿದರೆ ಮಣ್ಣಿನಿಂದ ಸಿಡಿಯುವ ಹನಿಯೂ ತಪ್ಪುತ್ತದೆ. ಒಳಗೆ ಗಾಳಿಯಾಡದಷ್ಟು ದಟ್ಟವಾಗಿದ್ದರೆ ನಡುವಿನ ಒಂದೆರಡು ರೆಂಬೆ ತೆಗೆಯಿರಿ. ಮೂರು ದಿನಕ್ಕೊಮ್ಮೆ ಔಷಧಿ ಬಾಟಲಿ ಹಿಡಿದು ಓಡಾಡುವುದು ನನಗಂತೂ ಇಷ್ಟವಿಲ್ಲ. ಹತ್ತಿಪ್ಪತ್ತು ಎಲೆ ಹೋದರೆ ಹೋಗಲಿ, ಗಿಡ ಸಾಯುವುದಿಲ್ಲ.

ಪ್ರಶ್ನೆ: ಮೊಗ್ಗು ದಪ್ಪಗಾಗುತ್ತದೆ, ಅರಳುವುದೇ ಇಲ್ಲ. ಕಂದು ಉಂಡೆಯಾಗಿ ಕೊಳೆಯುತ್ತದೆ. ಹುಳು ಇದೆಯೇನೋ?

ಉತ್ತರ: ಹುಳುವಿನ ಕೆಲಸ ಇರಲಾರದು. ನೂರಾರು ಪಕಳೆಯ ಹೂಗಳ ಪಾಡು ಇದು. ಮಳೆಗೋ ಇಬ್ಬನಿಗೋ ಹೊರಗಿನ ಪಕಳೆ ನೆನೆದು, ಆಮೇಲೆ ಬಿಸಿಲಿಗೆ ಒಣಗಿ ಕಾಗದದ ಹಾಗೆ ಅಂಟಿಕೊಳ್ಳುತ್ತದೆ. ಒಳಗಿನ ಹೂವಿಗೆ ಹೊರಬರಲು ದಾರಿಯಿಲ್ಲ. ಇನ್ನೂ ಮೆತ್ತಗಾಗದ ಮೊಗ್ಗಾದರೆ ಆ ಕಂದು ಪೊರೆಯನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ. ಕೆಳಗಿನ ಪಕಳೆ ಚೆನ್ನಾಗಿರುತ್ತದೆ, ಸಂಜೆಯೊಳಗೆ ಅರಳಿದರೂ ಅರಳೀತು. ಮೆತ್ತಗಾಗಿದ್ದರೆ ಕತ್ತರಿಸಿ ಎಸೆಯಿರಿ.

ಪ್ರಶ್ನೆ: ಕುಂಡದಲ್ಲಿ ಬೆಳೆಯಬಹುದಾ?

ಉತ್ತರ: ಬಹುದು. ಒಂದೂವರೆ ಅಡಿ ಅಗಲ, ಅಷ್ಟೇ ಆಳ, ಆರು ಗಂಟೆ ಬಿಸಿಲು. ಇದಕ್ಕಿಂತ ಚಿಕ್ಕ ಕುಂಡವಾದರೆ ಬೇಡ.

ಪ್ರಶ್ನೆ: ಪರಿಮಳದ ಹೂವನ್ನು ಕೊಯ್ದು ಮೇಜಿನ ಮೇಲಿಟ್ಟರೆ ಎರಡೇ ದಿನಕ್ಕೆ ಪಕಳೆ ಉದುರುತ್ತದೆ. ಜಾಸ್ತಿ ದಿನ ಇರಲು ಏನಾದರೂ ಇದೆಯಾ?

ಉತ್ತರ: ಬೆಳಗಿನ ಹೊತ್ತು, ಮೊಗ್ಗು ಬಿಚ್ಚಲು ಶುರುವಾದಾಗಲೇ ಕೊಯ್ದು ತಕ್ಷಣ ನೀರಿಗಿಡಿ, ದಿನಾ ನೀರು ಬದಲಿಸಿ. ಮೂರನೇ ದಿನ ಸಿಕ್ಕರೆ ಸಿಕ್ಕಿತು. ನಾನಂತೂ ಉದುರಿದ ಪಕಳೆಯನ್ನು ಒರೆಸುವುದಿಲ್ಲ, ಇನ್ನೊಂದು ದಿನ ಅಲ್ಲೇ ಬಿಟ್ಟಿರುತ್ತೇನೆ. ಮೇಜಿನ ಮೇಲೆ ಬಿದ್ದ ಮೇಲೂ ಅದಕ್ಕೆ ಘಮ ಇರುತ್ತದೆ.